ವಾಪಸ್ ಪಡೆದ ಸಾಕ್ಷಿ

ಪಾಸ್ಟರರ ಹೆಂಡತಿಯಾದವಳು ಉದ್ದದ ಪ್ರಾರ್ಥನೆ ಮಾಡಬೇಕು ಎಂಬುದು ನಮ್ಮ ಕಡೆಯ ಸಭೆಗಳಲ್ಲಿ ಯಾರೂ ಬರೆದಿಡದ ಕಾನೂನು. ಅನ್ನ ಆರಬೇಕು, ಮಕ್ಕಳು ತೂಕಡಿಸಬೇಕು, ಕಣ್ಣು ಮುಚ್ಚಿಕೊಂಡವರು ಒಂದು ಕಣ್ಣು ತೆರೆದು ಗಡಿಯಾರ ನೋಡಬೇಕು. ಆಗಲೇ ಅದು ಪ್ರಾರ್ಥನೆ. ಕುರುಗೋಡಿಗೆ ಬಂದ ನಮ್ಮ ಪಾಸ್ಟರಮ್ಮ ಬಂದ ವಾರವೇ ಈ ಕಾನೂನನ್ನು ಮುರಿದರು. ಸಭೆಯ ಹಿರಿಯರೊಬ್ಬರು, ಗೊಬ್ಬರದ ಅಂಗಡಿಯವರು, ಎಲ್ಲರನ್ನೂ ಊಟಕ್ಕೆ ಕರೆದಿದ್ದರು. "ಅಮ್ಮಾರ, ನೀವ ಪ್ರಾರ್ಥನಿ ಮಾಡ್ರಿ" ಎಂದಾಗ ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ತಂಡ್ರೀ, ಎಲ್ಲಾ ನೋಡಾಕ ಹತ್ತೀಯಲ್ಲ, ಆಮೆನ್" ಎಂದು ಮುಗಿಸಿಬಿಟ್ಟರು. ಮುಂದಿನದು ಬರುತ್ತದೆಂದು ನಾವೆಲ್ಲ ಕಣ್ಣು ಮುಚ್ಚಿಕೊಂಡೇ ಕೂತಿದ್ದೆವು. ಆಕೆ ರೊಟ್ಟಿ ಮುರಿದ ಸಪ್ಪಳ ಕೇಳಿ ಕಣ್ಣು ತೆರೆದೆವು.

ಆಕೆ ಆದೋನಿ ಕಡೆಯವರು, ತೆಲುಗಿನ ಮನೆಯಿಂದ ಬಂದವರು. ಜನರ ಜೊತೆ ಕನ್ನಡ, ದೇವರ ಜೊತೆ ಮಾತ್ರ ಎರಡೂ ಕಲಸಿ. ತಂದೆ ಎನ್ನುವುದಕ್ಕೆ ಕೊನೆಯವರೆಗೂ ತಂಡ್ರಿ ಎಂದೇ ಅಂದರು.

ಹೆಸರು ಬರೆಯುವುದಿಲ್ಲ. ಬರೆಯದಿದ್ದರೆ ನಷ್ಟವೂ ಇಲ್ಲ, ಆ ಹೆಸರು ಹಿಡಿದು ಆಕೆಯನ್ನು ಕರೆದವರನ್ನು ನಾನು ಕಂಡಿಲ್ಲ. ಗಂಡನೂ "ಇಕಿ" ಅನ್ನುತ್ತಿದ್ದರು. ಈ ಬೇಸಿಗೆಯಲ್ಲಿ ಸಿರುಗುಪ್ಪದಲ್ಲಿ ಆಕೆಯನ್ನು ಮಣ್ಣು ಮಾಡಿ ಬಂದೆವು. ಬಂದಾಗಿನಿಂದ ಆಕೆಯ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತಿದೆ. ನಾನು ಇಂಥದ್ದನ್ನೆಲ್ಲ ಮಾತಾಡುತ್ತಿದ್ದದ್ದು ಆಕೆಯ ಹತ್ತಿರವೇ ಆದ್ದರಿಂದ ಈಗ ಬರೆಯುತ್ತಾ ಕೂತಿದ್ದೇನೆ.

ನಾನಾಗ ಕುರುಗೋಡಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು, ಭಾನುವಾರ ಸಂಡೇ ಸ್ಕೂಲಿನ ಟೀಚರು. ಬಾಡಿಗೆ ಮನೆ, ಒಬ್ಬಳೇ. ಆ ವರ್ಷ ನನಗೊಂದು ಕಾಯಿಲೆ ಅಂಟಿಕೊಂಡಿತು. ಚಾಕ್‌ಪೀಸ್ ಹಿಡಿದು ಬೋರ್ಡಿನ ಕಡೆ ತಿರುಗಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಬಾಗಿಲು ಎಲ್ಲಿದೆ ಎಂದು ಕಣ್ಣು ಹುಡುಕುತ್ತಿತ್ತು. ಹಾರ್ಟಿನದೇ ಇರಬೇಕೆಂದು ಬಳ್ಳಾರಿಗೆ ಹೋಗಿ ಇಸಿಜಿ ಮಾಡಿಸಿದೆ. ಡಾಕ್ಟರು ಹಾರ್ಟು ಗಟ್ಟಿಮುಟ್ಟಾಗಿದೆ ಎಂದು ಹೇಳಿ ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಹೋಗಲು ಹೇಳಿದರು. ನನಗೆ ಸಂತೋಷವಾಗಲಿಲ್ಲ, ಹಾರ್ಟೇ ಕೆಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾರ್ಟು ಕೆಟ್ಟರೆ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡಿರೆಂದು ಕೇಳಬಹುದು. ಇದಕ್ಕೆ ಏನೆಂದು ಕೇಳುವುದು? ನಮ್ಮಲ್ಲಿ ಜ್ವರ ಬಂದರೆ ಅದು ಜ್ವರ, ಕಾಲು ಮುರಿದರೆ ಅದು ಕಾಲು. ಮನಸ್ಸು ಕುಸಿದರೆ ಮಾತ್ರ ಅದಕ್ಕೆ ಅಪನಂಬಿಕೆ ಎಂದು ಹೆಸರು. ನಂಬಿದವಳಿಗೆ ಹೆದರಿಕೆ ಯಾಕೆ ಬರಬೇಕು ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಬೇರೆಯವರು ಕೇಳುವ ಮೊದಲು ನಾನೇ ನನಗೆ ಸಾಕಷ್ಟು ಸಲ ಕೇಳಿಕೊಂಡಿದ್ದೆ.

ಆ ಡಾಕ್ಟರ ಕ್ಲಿನಿಕ್ಕು ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರಲ್ಲಿತ್ತು. ಬಳ್ಳಾರಿಯ ಬಿಸಿಲಿನಿಂದ ಒಂದು ಉಪಕಾರವಿದೆ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಓಡಾಡಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಕಣ್ಣಷ್ಟೇ ಬಿಟ್ಟುಕೊಂಡು ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಸೆರಗನ್ನು ಮೂಗಿನ ಮೇಲಿನ ತನಕ ಎಳೆದುಕೊಂಡ ಇನ್ನೊಬ್ಬಾಕೆ. ಇಬ್ಬರೂ ಬಹಳ ಹೊತ್ತು ಎದುರಿನ ಗೋಡೆಯನ್ನು ಓದಿದೆವು. ಆಮೇಲೆ ಆಕೆ ಸೀನಿದರು. ಆ ಸೀನು ನನಗೆ ಗೊತ್ತಿತ್ತು, ಪ್ರತಿ ಭಾನುವಾರ ಪಾಸ್ಟರು ಹೇಳುವ ಪ್ರಸಂಗದ ನಡುವೆ ಕೇಳುತ್ತಿದ್ದೆ.

"ಅಮ್ಮಾರ?" ಅಂದೆ.

ಆಕೆ ಬೆಚ್ಚಿಬಿದ್ದು ತಿರುಗಿದರು. "ಟೀಚರಮ್ಮಾ! ನೀವೇನಿಲ್ಲಿ?"

"ನಮ್ಮ ತಾಯಿ ರಿಪೋರ್ಟ್ ತೋರಸಬೇಕಾಗಿತ್ರಿ. ನೀವು?"

"ನಮ್ಮ ತಂಗಿ ಮಗಳದು. ಪಾಪ, ಓದಿ ಓದಿ ತಲಿ ಕೆಡಿಸಿಕೊಂಡಾಳ."

ಅಷ್ಟರಲ್ಲಿ ಕಾಂಪೌಂಡರ್ ಹೊರಗೆ ಬಂದು, "ಕುರುಗೋಡು ಪೇಷಂಟು ಇಬ್ಬರದೀರಲ್ಲ, ಯಾರು ಮೊದಲ ಬರತೀರಿ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಾಸ್ಟರಮ್ಮ ಸೆರಗು ಸರಿಸಿ ನನ್ನನ್ನೇ ನೋಡಿದರು. ಮೊದಲು ಭುಜ ಕುಲುಕಿತು, ಆಮೇಲೆ ನಗು ಬಂತು; ಬೆಂಚು ಅಲುಗಾಡುವ ಹಾಗೆ ನಕ್ಕರು. "ಒಬ್ಬಾಕಿ ಪಾಸ್ಟರಮ್ಮ, ಒಬ್ಬಾಕಿ ಸಂಡೇ ಸ್ಕೂಲ್ ಟೀಚರು. ಎಂಥಾ ಸುಳ್ಳು ಹೇಳಿದ್ವಿ ನೋಡ್ರಿ!" ಅಂದರು. ತಿಂಗಳುಗಟ್ಟಲೆ ನಗದಿದ್ದ ನಾನೂ ನಕ್ಕೆ. ಒಳಗೆ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋಗಿ ಬಂದೆವು.

ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಾ ಆಕೆ ತಮ್ಮದನ್ನು ಹೇಳಿದರು. ಹುಡುಗಿಯಾಗಿದ್ದಾಗಿನಿಂದ ಇರುವ ಕಾಯಿಲೆ. "ಹೇಳದ ಕೇಳದ ಬರತೈತಿ. ಬಂತಂದ್ರ ಅನ್ನ ಮಣ್ಣಾಗತೈತಿ. ಯಾರರ ಸತ್ತಾರೇನು ಅಂದ್ರ ಯಾರೂ ಸತ್ತಿರಂಗಿಲ್ಲ, ಆದ್ರೂ ಸತ್ತ ಮನ್ಯಾಗ ಕುಂತಂಗ ಅಕ್ಕೈತಿ."

"ಪಾಸ್ಟರಿಗೆ ಗೊತ್ತೇನ್ರಿ?"

"ಗೊತ್ತಿಲ್ಲದ ಏನು? ಸಭೆಗೆ ಥೈರಾಯ್ಡ್ ಅಂತ ಹೇಳ್ಯಾರ. ಪಾಪ, ಸುಳ್ಳು ಹೇಳಿದ್ದಕ್ಕ ಶುಕ್ರವಾರ ಉಪವಾಸ ಮಾಡತಾರ."

ತಿಂದಾದ ಮೇಲೆ ಆಕೆ ಪರ್ಸಿನಿಂದ ಗುಳಿಗೆ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು, ಪಕ್ಕದಲ್ಲಿ ಯಾರೋ ಸಿರುಗುಪ್ಪ ಸಿರುಗುಪ್ಪ ಎಂದು ಕೂಗುತ್ತಿದ್ದರು. ಆ ಗದ್ದಲದ ನಡುವೆ ಆಕೆ ಸೆರಗು ತಲೆಗೆಳೆದು, ಕಣ್ಣು ಮುಚ್ಚಿ, "ಸ್ತೋತ್ರ ತಂಡ್ರೀ" ಎಂದು ಗುಳಿಗೆ ನುಂಗಿ ನೀರು ಕುಡಿದರು.

"ಗುಳಿಗಿಗೂ ಪ್ರಾರ್ಥನಿನಾ?" ಅಂದೆ, ಸ್ವಲ್ಪ ಚೇಷ್ಟೆಯಿಂದಲೇ.

"ಅನ್ನಕ್ಕ ಮಾಡತೀವಿಲ್ಲೇನು? ಅನ್ನ ಕೊಟ್ಟಾವ ಬ್ಯಾರೆ, ಗುಳಿಗಿ ಕೊಟ್ಟಾವ ಬ್ಯಾರೆ ಏನು?" ಅಂದರು. ಅದನ್ನು ಬೋಧನೆಯ ಹಾಗೆ ಹೇಳಲಿಲ್ಲ, ಬಾಯಿ ಒರೆಸಿಕೊಳ್ಳುತ್ತಾ ಹೇಳಿದರು. ಅವತ್ತಿನಿಂದ ನಾವಿಬ್ಬರೂ ಒಂದೇ ದಿನ ಡಾಕ್ಟರ ಹತ್ತಿರ ಹೋಗುವುದೆಂದು ಮಾತಾಯಿತು.

ಮನೆ ಭೇಟಿ ಎಂಬ ಕೆಲಸವನ್ನು ಆಕೆ ಮಾಡುತ್ತಿದ್ದ ರೀತಿಯೇ ಬೇರೆ. ಕಷ್ಟದಲ್ಲಿದ್ದವರ ಮನೆಗೆ ಹೋಗಿ ವಾಕ್ಯ ಓದಿ, ಬುದ್ಧಿ ಹೇಳಿ, ಪ್ರಾರ್ಥನೆ ಮಾಡಿ, ಚಹಾ ಕುಡಿದು ಬರುವುದು ರೂಢಿ. ಆಕೆ ಹೋದವರೇ, "ಬಳ್ಳೊಳ್ಳಿ ಐತೇನು?" ಎಂದು ಕೇಳುತ್ತಿದ್ದರು. ಬೆಳ್ಳುಳ್ಳಿಯ ಗಡ್ಡೆಗಳನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತು ಬಿಡಿಸಲು ಶುರು ಮಾಡುವರು. ಮಾತಿಲ್ಲ. ಆ ಮನೆಯವಳು ಅತ್ತರೆ ಅಳಲಿ, ಬೈದರೆ ಬೈಯಲಿ, ಸುಮ್ಮನಿದ್ದರೆ ಸುಮ್ಮನಿರಲಿ. ಎರಡು ಗಂಟೆಯಾದರೂ ಎದ್ದೇಳುತ್ತಿರಲಿಲ್ಲ. ನಾನು ಶಾಲೆಗೆ ಹೋಗಲಾರದೆ ಬಾಗಿಲು ಹಾಕಿಕೊಂಡು ಮಲಗಿದ ವಾರದಲ್ಲಿ ದಿನಾ ಮಧ್ಯಾಹ್ನ ಬಂದು ಹೀಗೆಯೇ ಕೂತರು. ನನ್ನ ಮನೆಯ ಡಬ್ಬಿಗಳ ತುಂಬ ಸಿಪ್ಪೆ ಸುಲಿದ ಬೆಳ್ಳುಳ್ಳಿ ತುಂಬಿ, ಕೊನೆಗೆ ಉಪ್ಪಿನಕಾಯಿ ಹಾಕಬೇಕಾಯಿತು.

"ಏನರ ಹೇಳ್ರಿ ಅಮ್ಮಾರ" ಎಂದು ಒಂದು ದಿನ ನಾನೇ ರೇಗಿದೆ. "ಸುಮ್ನ ಕುಂದ್ರಾಕ ಬಂದೀರೇನು?"

"ಹೌದು" ಅಂದರು. ಇನ್ನೊಂದು ಗಡ್ಡೆ ಬಿಡಿಸಿ ತಾವಾಗಿಯೇ ಹೇಳಿದರು. "ಶಿಲುಬಿಗೆ ಹಾಕಾಕ ಹಿಡಕೊಂಡು ಹೋಗೋಕಿಂತ ಮೊದಲ ಏಸಪ್ಪ ತೋಟದಾಗ ಬೆವರಿದನಲ್ಲ, ಅವಾಗ ಶಿಷ್ಯರಿಗೆ ಏನು ಕೇಳಿದ? ನನಗ ಬುದ್ಧಿ ಹೇಳ್ರಿ ಅಂದನೇನು? ನನ್ನ ಜೋಡಿ ಎಚ್ಚರಿರ್ರಿ ಅಂದ. ಅಷ್ಟ ಕೇಳಿದ್ದ ಆತ. ಅವರು ಅದನ್ನೂ ಮಾಡಲಿಲ್ಲ, ನಿದ್ದಿ ಮಾಡಿದ್ರು. ಅಂಜಿಕಿ ಬರೋದು ಪಾಪ ಆಗಿದ್ರ ಆ ಪಾಪ ಮೊದಲ ಆತಗ ಹತ್ತತಿತ್ತು ಟೀಚರಮ್ಮ."

ಚಿಕ್ಕಂದಿನಿಂದ ಕೇಳಿದ ಕತೆ ಅದು, ಸಂಡೇ ಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ಹೇಳಿದ್ದೆ. ಆ ತೋಟದಲ್ಲಿ ಹೆದರಿದ್ದವನು ಒಬ್ಬನಿದ್ದ ಎಂಬುದು ಮಾತ್ರ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಮರುದಿನ ನಾನು ಮುಖ ತೊಳೆದು ಶಾಲೆಗೆ ಹೋದೆ. ಎದೆ ಹೊಡೆದುಕೊಂಡಿತು, ಆದರೂ ಎರಡು ಪೀರಿಯಡ್ ಮುಗಿಸಿ ಬಂದೆ.

ಇನ್ನು ಸಾಕ್ಷಿಯ ವಿಷಯ. ನಮ್ಮ ಸಭೆಗಳಲ್ಲಿ ಭಾನುವಾರ ಪ್ರಸಂಗಕ್ಕೆ ಮೊದಲು ಸಾಕ್ಷಿ ಹೇಳುವ ಹೊತ್ತು ಎಂದಿರುತ್ತದೆ. ದೇವರಿಂದ ಉಪಕಾರ ಆದವರು ಎದ್ದು ನಿಂತು, ಇಂಥ ಕಷ್ಟವಿತ್ತು, ಪ್ರಾರ್ಥಿಸಿದೆವು, ಬಿಡುಗಡೆಯಾಯಿತು ಎಂದು ಹೇಳುತ್ತಾರೆ. ಎಲ್ಲರೂ ಒಟ್ಟಿಗೆ "ಸ್ತೋತ್ರ" ಅನ್ನುತ್ತಾರೆ. ಬಿಡುಗಡೆ ಆಗದವರು ಏಳುವುದಿಲ್ಲ. ಅವರು ಆಗುವ ತನಕ ಕೂತೇ ಇರುತ್ತಾರೆ.

ಒಂದು ಸಲ ಉಪವಾಸ ಪ್ರಾರ್ಥನೆಗೆ ಹೊರಗಿನಿಂದ ಪ್ರಸಂಗಿಗಳೊಬ್ಬರು ಬಂದರು. ದೊಡ್ಡ ದನಿ, ಬಿಳಿ ಪ್ಯಾಂಟು. ಬಿಡಬೇಕಾದ್ದನ್ನೆಲ್ಲ ತಂದು ಮುಂದಿನ ಮೇಜಿನ ಮೇಲೆ ಇಡಿ ಎಂದರು. ಒಬ್ಬ ಬೀಡಿ ಕಟ್ಟು ಇಟ್ಟ, ಒಬ್ಬಾಕೆ ಕೊರಳಿನ ತಾಯತ ಹರಿದು ಇಟ್ಟಳು, ಯಾರೋ ಗುಟ್ಕಾ ಚೀಟಿ ಇಟ್ಟರು. ಪ್ರಸಂಗಿಗಳು ನಡುವೆ ಪಾಸ್ಟರಮ್ಮನ ತಲೆಯ ಮೇಲೆ ಕೈಯಿಟ್ಟು, ಈ ಸಹೋದರಿಯ ಮನಸ್ಸಿನ ಮೇಲೆ ಕುಂತ ಕತ್ತಲೆ ಇವತ್ತು ಹೋಯಿತು ಎಂದು ಸಾರಿದರು. ಅವರಿಗೆ ಯಾರು ಹೇಳಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಕೆಯ ಮುಖ ಬೆಳಗಿತು. ನಾನು ಕಣ್ಣಾರೆ ನೋಡಿದೆ, ನಾಟಕವಲ್ಲ ಅದು. ಪರ್ಸಿನೊಳಗಿನ ಗುಳಿಗೆಗಳನ್ನೆಲ್ಲ ತೆಗೆದು ಆ ಬೀಡಿ, ತಾಯತಗಳ ಪಕ್ಕ ಇಟ್ಟು ಬಂದರು. ಮುಂದಿನ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಿದರು. ಅಷ್ಟು ಗಟ್ಟಿಯಾದ ಸ್ತೋತ್ರವನ್ನು ಆ ಸಭೆಯಲ್ಲಿ ನಾನು ಹಿಂದೆ ಕೇಳಿರಲಿಲ್ಲ. ಪಾಸ್ಟರು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು.

ಮುಂದಿನ ತಿಂಗಳು ಡಾಕ್ಟರ ಹತ್ತಿರ ಹೋಗಲು ಬಸ್ ಸ್ಟಾಪಿನಲ್ಲಿ ಕಾದೆ, ಆಕೆ ಬರಲಿಲ್ಲ. ಮನೆಗೆ ಹೋಗಿ ಕೇಳಿದರೆ, "ಸಾಕ್ಷಿ ಹೇಳೀನಲ್ಲ ಟೀಚರಮ್ಮ. ಇನ್ನ ಗುಳಿಗಿ ತಗೊಂಡ್ರ ದೇವರನ್ನ ಸುಳ್ಳುಗಾರನ್ನ ಮಾಡಿದಂಗ ಅಕ್ಕೈತಿ" ಅಂದರು. ನನಗೆ ಸಿಟ್ಟು ಬಂತು. ದೇವರ ಮರ್ಯಾದೆಯನ್ನು ನೀವು ಯಾಕೆ ಹೊತ್ತುಕೊಂಡಿದ್ದೀರಿ ಎಂದು ಕೂಗಾಡಿದೆ. ಆಕೆ ನಕ್ಕು, ನನ್ನ ಕೈಗೆ ಚಹಾ ಕೊಟ್ಟರು. ನಾನೊಬ್ಬಳೇ ಬಳ್ಳಾರಿಗೆ ಹೋಗಿ ಬಂದೆ.

ಆಮೇಲೆ ಅದು ಬಂತು. ಮೊದಲು ಸೀನು ನಿಂತಿತು, ಭಾನುವಾರ ಪ್ರಸಂಗದಲ್ಲಿ ಆಕೆ ಇದ್ದಾರೋ ಇಲ್ಲವೋ ಗೊತ್ತಾಗದ ಹಾಗೆ ಕೂತಿರುತ್ತಿದ್ದರು. ಆಮೇಲೆ ಕನ್ನಡ ನಿಂತಿತು. ಏನು ಕೇಳಿದರೂ ತೆಲುಗಿನಲ್ಲಿ ಒಂದು ಮಾತು, ಕೊನೆಕೊನೆಗೆ ಅದೂ ಇಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕುರುಗೋಡಿನ ಬಂಡೆಗುಡ್ಡವನ್ನು ನೋಡುತ್ತಿದ್ದರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಪಾಸ್ಟರು ವಾರಕ್ಕೊಂದಿದ್ದ ಉಪವಾಸವನ್ನು ದಿನಾ ಮಾಡಿಕೊಂಡರು. ಸಾಕ್ಷಿ ಹೇಳಿದ್ದಕ್ಕೆ ಸೈತಾನ ಸಿಟ್ಟಾಗಿದ್ದಾನೆ ಎಂದು ಅವರ ಎಣಿಕೆ. ಇಬ್ಬರೂ ಉಣ್ಣದ ಆ ಮನೆಯಲ್ಲಿ ನಾನು ಶಾಲೆ ಬಿಟ್ಟ ಮೇಲೆ ಹೋಗಿ ಆಕೆಯ ಪಕ್ಕ ಕೂತುಕೊಳ್ಳುತ್ತಿದ್ದೆ. ನನಗೆ ಆಕೆಯಷ್ಟು ಚೆನ್ನಾಗಿ ಸುಮ್ಮನಿರಲು ಬರುತ್ತಿರಲಿಲ್ಲ, ಏನಾದರೂ ಒದರುತ್ತಿದ್ದೆ.

ಒಂದು ಸಂಜೆ ಆಕೆಯೇ ಮಾತಾಡಿದರು, ಕನ್ನಡದಲ್ಲಿ.

"ಟೀಚರಮ್ಮ, ನಾ ಸತ್ರ ನನ್ನ ಸಾಕ್ಷಿ ಏನಕ್ಕೈತಿ?"

ಆಕೆಯ ಮುಖದಲ್ಲಿ ದುಃಖವೂ ಇರಲಿಲ್ಲ, ಅಂಗಡಿ ತೆರೆದಿದೆಯೇ ಎಂದು ಕೇಳುವ ಹಾಗೆ ಕೇಳಿದ್ದರು. ಸಾಯುವುದಕ್ಕೆ ಆಕೆ ಹಿಂಜರಿಯುತ್ತಿರಲಿಲ್ಲ. ಸತ್ತರೆ ಹೇಳಿದ ಮಾತು ಸುಳ್ಳಾಗುತ್ತದಲ್ಲ ಎಂಬ ಒಂದೇ ತೊಡಕು ಆಕೆಯನ್ನು ಹಿಡಿದಿಟ್ಟಿತ್ತು. "ಆ ಸಾಕ್ಷಿ ಹಾಳಾಗಿ ಹೋಗಲಿ ಅಮ್ಮಾರ, ನೀವಿರ್ರಿ" ಎಂದು ಆಕೆಯ ಎರಡೂ ಕೈ ಹಿಡಿದುಕೊಂಡೆ. ಹಾಗೇ ಹಿಡಿದುಕೊಂಡು ಪಾಸ್ಟರನ್ನು ಕೂಗಿದೆ. ಅವರು ಮೊಣಕಾಲೂರಿದ್ದವರು ಎದ್ದು ಬಂದರು.

"ಇವರು ಸಾಯೋ ಮಾತಾಡಾಕ ಹತ್ಯಾರ. ಈಗ ಡಾಕ್ಟರ ಕಡೆ ಕರಕೊಂಡು ನಡ್ರಿ" ಅಂದೆ.

ಅವರು ಕಂಬದ ಹಾಗೆ ನಿಂತರು. "ಸಭೆಗೆ ಏನು ಹೇಳಲಿ?"

"ಏನೂ ಹೇಳಬ್ಯಾಡ್ರಿ. ಬೈಕ್ ತೆಗೀರಿ."

ಆ ಮನುಷ್ಯ ಬೈಕ್ ತೆಗೆದರು. ಹೆಂಡತಿಯನ್ನು ನಡುವೆ ಕೂರಿಸಿಕೊಂಡು, ಹಿಂದೆ ಬೀಳದಂತೆ ಹಿಡಿಯಲು ನನ್ನನ್ನು ಕೂರಿಸಿಕೊಂಡು, ಬಳ್ಳಾರಿಯ ತನಕ ಅಳುತ್ತಲೇ ಗಾಡಿ ಹೊಡೆದರು. ಹೆಲ್ಮೆಟ್ಟಿನೊಳಗೆ ಅಳುವುದು ಗೊತ್ತಾಗುವುದಿಲ್ಲ ಎಂದುಕೊಂಡಿದ್ದರೇನೋ. ಡಾಕ್ಟರು ಮನೆಗೆ ಕಳಿಸದೆ ಅಲ್ಲೇ ಅಡ್ಮಿಟ್ ಮಾಡಿಸಿಕೊಂಡರು. ನಾನೂ ಪಾಸ್ಟರೂ ಸರದಿಯ ಮೇಲೆ ಆಕೆಯ ಪಕ್ಕದಲ್ಲಿದ್ದೆವು.

ಗುಣವಾಗಲು ತಿಂಗಳುಗಳೇ ಹಿಡಿದವು. ಹುಷಾರಾದ ಮೇಲೆ ಆಕೆ ಸುಮ್ಮನೆ ಗುಳಿಗೆ ನುಂಗಿಕೊಂಡು ಇದ್ದುಬಿಡಬಹುದಿತ್ತು, ನಾನು ಕೈಮುಗಿದು ಅದನ್ನೇ ಹೇಳಿದೆ. ಆಕೆ ಕೇಳಲಿಲ್ಲ. "ನನ್ನ ಸಾಕ್ಷಿ ಕೇಳಿ ಯಾರರ ಗುಳಿಗಿ ಬಿಟ್ಟಿದ್ರ?" ಅಂದರು. ಅದು ನನಗೆ ಹೊಳೆದಿರಲಿಲ್ಲ.

ಭಾನುವಾರ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು, ಎಲ್ಲರ ಮುಖ ನೋಡಿ ಹೇಳಿದರು: "ಅವತ್ತು ನಾ ಹೇಳಿದ ಸಾಕ್ಷಿ ವಾಪಸ್ ತಗೋತೀನಿ. ನನಗ ಬಿಡುಗಡಿ ಆಗಿಲ್ಲ. ಗುಳಿಗಿ ಬಿಟ್ಟು ಸಾಯೋ ತನಕ ಹೋಗಿ ಬಂದೀನಿ. ಈಗ ಗುಳಿಗಿ ತಗೊಳಾಕ ಹತ್ತೀನಿ, ಮುಂದೂ ತಗೋತೀನಿ. ನಾ ಕತ್ತಲ್ಯಾಗಿದ್ದಾಗ ಕರ್ತ ಬೆಳಕು ಹಚ್ಚಲಿಲ್ಲ, ಆದ್ರ ಎದ್ದೂ ಹೋಗಲಿಲ್ಲ, ಅಲ್ಲೇ ಕುಂತಿದ್ದ. ಇಷ್ಟ ನನ್ನ ಸಾಕ್ಷಿ."

ಸಾಕ್ಷಿಯನ್ನು ಯಾರೂ ಹೀಗೆ ವಾಪಸ್ ಪಡೆದದ್ದಿಲ್ಲ. ಏನನ್ನಬೇಕೆಂದು ಜನಕ್ಕೆ ತಿಳಿಯಲಿಲ್ಲ. ನಾನು "ಸ್ತೋತ್ರ" ಅಂದೆ, ಒಬ್ಬಳೇ ಅಂದಿದ್ದರಿಂದ ಕೆಮ್ಮಿದ ಹಾಗಾಯಿತು. ಗೊಬ್ಬರದ ಅಂಗಡಿಯ ಹಿರಿಯರು ಗಂಟಲು ಸರಿಮಾಡಿಕೊಂಡು, ಮುಂದಿನ ಹಾಡು ಹೇಳ್ರಿ ಎಂದರು. ಆಕೆ ನಿಂತೇ ಇದ್ದರು, ಹಾಡು ಶುರುವಾದ ಮೇಲೆ ಕೂತರು.

ಆಮೇಲೆ ಮನೆ ಭೇಟಿಗೆ ಆಕೆಯನ್ನು ಕರೆಯುವವರು ಕಡಿಮೆಯಾದರು. ಯಾರೂ ಬಯ್ಯಲಿಲ್ಲ, ಜಗಳವಾಡಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೇ. ವರ್ಷ ತುಂಬುವುದರೊಳಗೆ ಪಾಸ್ಟರಿಗೆ ಸಿರುಗುಪ್ಪದ ಕಡೆಯ ಒಂದು ಸಣ್ಣ ಸಭೆಗೆ ವರ್ಗವಾಯಿತು. ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು.

ನಾನೂ ಆಮೇಲೆ ಬಳ್ಳಾರಿಯ ಶಾಲೆಗೆ ಬಂದೆ. ರಜೆಯಲ್ಲಿ ಬಸ್ ಹತ್ತಿ, ತೆಕ್ಕಲಕೋಟೆ ದಾಟಿ, ಗದ್ದೆಗಳ ನಡುವೆ ಸಿರುಗುಪ್ಪಕ್ಕೆ ಹೋಗುತ್ತಿದ್ದೆ. ಮನೆಯ ಹಿಂದೆಯೇ ಅಕ್ಕಿ ಗಿರಣಿ. ಹೊಟ್ಟಿನ ಧೂಳು ಎಲ್ಲದರ ಮೇಲೂ ಕೂತಿರುತ್ತಿತ್ತು, ಆಕೆ ಅದನ್ನು ಒರೆಸುತ್ತಾ ಮಾತಾಡುತ್ತಿದ್ದರು. ಗುಳಿಗೆ ತಪ್ಪಿಸುತ್ತಿರಲಿಲ್ಲ. ಕಾಯಿಲೆ ಆಗಾಗ ಬರುತ್ತಿತ್ತು, ಮೊದಲಿನಷ್ಟು ಆಳಕ್ಕೆ ಎಳೆಯುತ್ತಿರಲಿಲ್ಲ.

"ಇಲ್ಲಿ ಮಂದಿ ನನ್ನ ಪ್ರಾರ್ಥನಿಗೆ ಕರಿಯೂದಿಲ್ಲ" ಎಂದು ಒಂದು ಸಲ ಹೇಳಿದರು. "ತನಗ ವಾಸಿ ಮಾಡಿಕೊಳ್ಳಾಕ ಆಗಲಿಲ್ಲ, ನಮಗೇನು ಮಾಡತಾಳ ಅಂತಾರ. ಖರೆ ಐತಲ್ಲ?"

"ಬ್ಯಾಸರಾ ಅಕ್ಕೈತೇನ್ರಿ?"

"ಆಗದ ಏನು. ಯಜಮಾನ್ರು ಹಳ್ಳಿ ಮ್ಯಾಲೆ ಹೋದ್ರಂದ್ರ ದಿನಾ ಪೂರಾ ಯಾರೂ ಇಲ್ಲ. ದೇವರಿದಾನ. ಆದ್ರ ಆತ ಭಾಳ ಮಾತಾಡಂಗಿಲ್ಲ ಟೀಚರಮ್ಮ, ನಿಮಗ ಗೊತ್ತಲ್ಲ." ಹೇಳಿ ನಕ್ಕರು. ಆಮೇಲೆ, "ಈ ಬಸ್ ಬಿಡ್ರಿ, ಮುಂದಿನದಕ್ಕ ಹೋಗ್ರಿ" ಅಂದರು. ಆ ಬಸ್ಸು ಬಿಟ್ಟು ಮುಂದಿನದಕ್ಕೆ ಹೊರಟಾಗಲೂ ಅದನ್ನೇ ಅಂದರು. ಆ ಸಲ ನಾನು ಕೊನೆಯ ಬಸ್ಸಿಗೆ ಬಂದೆ. ಆಕೆ ಸ್ಟ್ಯಾಂಡಿನ ತನಕ ಬಂದು, ಬಸ್ಸು ತಿರುಗುವ ತನಕ ನಿಂತಿದ್ದರು.

ಈ ಬೇಸಿಗೆಯಲ್ಲಿ ಜ್ವರ ಬಂತು, ಪುಪ್ಪುಸಕ್ಕೆ ಇಳಿಯಿತು, ನಾಲ್ಕಾರು ದಿನದಲ್ಲಿ ಹೋದರು. ಮನಸ್ಸಿನ ಕಾಯಿಲೆ ಅಷ್ಟು ವರ್ಷ ಪ್ರಯತ್ನಪಟ್ಟರೂ ಕೊಂಡೊಯ್ಯಲಾಗದವರನ್ನು ಸಾಮಾನ್ಯ ಜ್ವರ ಕೊಂಡೊಯ್ದಿತು. ಪಾಸ್ಟರು ಫೋನಿನಲ್ಲಿ, "ಗುಳಿಗಿ ಕೊನಿ ತನಕ ತಗೊಂಡಳು ಟೀಚರ್, ಆಸ್ಪತ್ರ್ಯಾಗೂ ಕೇಳಿ ತಗೊಂಡಳು" ಅಂದರು. ನನಗೆ ಅದನ್ನು ಹೇಳಬೇಕೆಂದು ಅವರಿಗೆ ಗೊತ್ತಿತ್ತು.

ಮಣ್ಣಿಗೆ ಕುರುಗೋಡಿನಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಸಮಾಧಿಯ ಹತ್ತಿರ ಶಾಮಿಯಾನಾ, ಮೈಕು. ಸತ್ತವರ ಬಗ್ಗೆ ಸಾಕ್ಷಿ ಹೇಳುವ ಹೊತ್ತು ಬಂದಾಗ ಗೊಬ್ಬರದ ಅಂಗಡಿಯ ಹಿರಿಯರೇ ಮೊದಲು ಎದ್ದರು. ಅವರೂ ಮುದುಕರಾಗಿದ್ದಾರೆ, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಮ್ಮ ಪಾಸ್ಟರಮ್ಮಾರು ಮನಸ್ಸಿನ ಕಾಯಿಲ್ಯಾಗ ಬಿದ್ದಿದ್ರು. ನಮ್ಮ ಕುರುಗೋಡು ಸಭ್ಯಾಗ ಕರ್ತ ಅವರನ್ನ ಬಿಡಸಿದ. ಗುಳಿಗಿ ತಂದು ಮೇಜಿನ ಮ್ಯಾಲೆ ಇಟ್ಟವರು ಮತ್ತ ಮುಟ್ಟಲಿಲ್ಲ" ಎಂದರು. "ಸ್ತೋತ್ರ" ಎಂದು ಶಾಮಿಯಾನಾದ ತುಂಬ ಕೇಳಿತು.

ಆಕೆ ವಾಪಸ್ ಪಡೆದದ್ದನ್ನು ಅವರು ಮತ್ತೆ ಆಕೆಯ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಬೇಕೆಂದೇ ಮಾಡಿದ್ದಲ್ಲ, ಅದು ನನಗೆ ತಿಳಿಯುತ್ತದೆ. ಆ ಎರಡನೇ ಭಾನುವಾರವನ್ನು ಅವರು ಮರೆತೇ ಬಿಟ್ಟಿದ್ದರು, ನೆನಪಿಟ್ಟುಕೊಳ್ಳಲು ಚೆನ್ನಾಗಿದ್ದದ್ದು ಮೊದಲನೆಯದು. ಪಾಸ್ಟರು ತಲೆ ತಗ್ಗಿಸಿ ಕೂತಿದ್ದರು, ಏಳುವ ಸ್ಥಿತಿಯಲ್ಲಿರಲಿಲ್ಲ. ಆಕೆ ಏಳಲಾರರು. ಉಳಿದವಳು ನಾನು. ಎದ್ದರೆ ನನ್ನದೂ ಹೊರಗೆ ಬರುತ್ತದೆ. ಗಣಿತದ ಟೀಚರಿಗೆ ತಲೆ ಸರಿಯಿಲ್ಲವಂತೆ ಎಂಬ ಮಾತು ನಾನು ಬಳ್ಳಾರಿ ಮುಟ್ಟುವ ಮೊದಲೇ ನನ್ನ ಶಾಲೆಯ ಗೇಟು ಮುಟ್ಟುತ್ತದೆ. ಎದೆ ಮೊದಲಿನ ಹಾಗೆ ಹೊಡೆದುಕೊಳ್ಳತೊಡಗಿತು, ಅಂಗೈ ಬೆವರಿತು. ಆ ಎದೆಯನ್ನೇ ಹೊತ್ತುಕೊಂಡು ಎದ್ದು ನಿಂತೆ.

"ಅವರಿಗೆ ವಾಸಿ ಆಗಿರಲಿಲ್ಲ" ಅಂದೆ. ಮೈಕಿನಲ್ಲಿ ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸಾಯೋ ತನಕ ಗುಳಿಗಿ ತಗೊಂಡ್ರು, ಸಾಯೋ ತನಕ ಪ್ರಾರ್ಥನಿ ಮಾಡಿದ್ರು. ಎರಡನ್ನೂ ಬಿಡಲಿಲ್ಲ. ನಾನೂ ಅದ ಡಾಕ್ಟರ ಕಡೆ ಹೋಗತೀನಿ, ನಾನೂ ಗುಳಿಗಿ ತಗೋತೀನಿ. ನಾ ಬದುಕೀನಿ ಅಂದ್ರ ಅವರು ನನ್ನ ಜೋಡಿ ಕುಂತಿದ್ದಕ್ಕ."

ಪಾಸ್ಟರು ಮಾತ್ರ ತಲೆ ಎತ್ತದೆ, "ಖರೆ ಐತಿ" ಅಂದರು. ಮೈಕಿಲ್ಲದೆ ಅಂದದ್ದು ಎಷ್ಟು ಜನಕ್ಕೆ ಕೇಳಿತೋ.

ಹಿಡಿ ಮಣ್ಣು ಹಾಕಿ ಜನ ಚದುರಿದರು. ಕುರುಗೋಡಿನ ಹೆಂಗಸರು, ನನ್ನ ಕೈಯಲ್ಲಿ ಪಾಠ ಕಲಿತ ಮಕ್ಕಳ ತಾಯಂದಿರು, ನನ್ನಿಂದ ದೂರ ಸರಿದು ಸುತ್ತಿಕೊಂಡು ಹೋಗಿ ಟೆಂಪೋ ಹತ್ತಿದರು. ಬಿಸಿಲು ಸುಡುತ್ತಿತ್ತು. ನಾನು ಗೇಟಿನ ಹತ್ತಿರ ಒಬ್ಬಳೇ ನಿಂತು ಚಪ್ಪಲಿ ಮೆಟ್ಟುತ್ತಿದ್ದೆ. ಸಿರುಗುಪ್ಪದವಳೇ ಇರಬೇಕು, ನಾನು ಎಂದೂ ನೋಡಿರದ ಒಬ್ಬಾಕೆ ಬಂದು ಪಕ್ಕದಲ್ಲಿ ನಿಂತಳು. ನನ್ನ ಮುಖ ನೋಡದೆ, ಟೆಂಪೋದ ಕಡೆ ನೋಡುತ್ತಾ ಕೇಳಿದಳು.

"ಅಕ್ಕಾರ, ಆ ಡಾಕ್ಟರು ಎಲ್ಲಿ ಕುಂದ್ರತಾರ?"

"ಬಳ್ಳಾರ್ಯಾಗ. ಒಬ್ಬಾಕೀನ ಬರಬ್ಯಾಡವಾ, ಬಸ್ ಸ್ಟ್ಯಾಂಡಿಗೆ ನಾ ಬರತೀನಿ" ಅಂದೆ. "ಯಾವಾಗ ಬರತೀಯಾ?"

ಆಕೆ ಆಗ ನನ್ನ ಕಡೆ ತಿರುಗಿದಳು.

"ನಾಳಿಗೇ ಬರಲೇನ್ರಿ?" ಅಂದಳು.